ಮುಂಜಾನೆ ಆರರ ನೀರು

ನನ್ನ ಗಂಡ ಚಹಾವನ್ನು ಬಶಿಗೆ ಸುರುವಿಕೊಂಡು ಕುಡಿಯುತ್ತಾರೆ. ಮದುವೆಯಾದಾಗಿನಿಂದ ಹಾಗೇ. ಮೊದಲು ನನಗೆ ಅದರಿಂದ ಏನೂ ಆಗುತ್ತಿರಲಿಲ್ಲ. ಈಗ ಗೋಕಾಕದ ನಮ್ಮ ಅಡಿಗೆಮನೆಯಲ್ಲಿ ಮುಂಜಾನೆ ಆರಕ್ಕೆ ಅವರ ತುಟಿ ಬಶಿಗೆ ತಾಗಿ ಚಪ್ ಎಂದಿತೋ, ಮೈಯೆಲ್ಲ ಜುಮ್ಮೆನ್ನುತ್ತದೆ. "ಏನ್ರಿ, ಸಪ್ಪಳಾ ಮಾಡದ ಕುಡ್ಯಾಕ ಬರೂದಿಲ್ಲೇನ ನಿಮಗ?" ಎಂದು ಒದರುತ್ತೇನೆ. "ಇಷ್ಟ ವರ್ಷ ಸುಮ್ಮಕಿದ್ದಾಕಿ ಈಗ್ಯಾಕ ಜೀವಾ ತಿಂತೀ ನಮ್ಮವ್ವಾ" ಎಂದು ಗೊಣಗುತ್ತ ಅವರು ಬಶಿ ಹಿಡಿದುಕೊಂಡು ಅಂಗಳಕ್ಕೆ ಹೋಗುತ್ತಾರೆ. ಬಾಗಿಲು ಮುಚ್ಚಿದರೂ ನನಗೆ ಕೇಳುತ್ತಲೇ ಇರುತ್ತದೆ. ಚಪ್. ಚಪ್. ಅದು ಅವರ ಬಶಿಯದಲ್ಲ ಎಂದು ನನಗೆ ಗೊತ್ತು.

ಅದು ಮೀನಿನ ಬಾಯಿಯ ಸಪ್ಪಳ.

ನಾನು ಮೀನುಗಾರಿಕೆ ಇಲಾಖೆಯಲ್ಲಿ ಹಳ್ಳಿ ತಿರುಗುವ ನೌಕರಿಯವಳು. ಗೋಕಾಕ, ಮೂಡಲಗಿ, ಹುಕ್ಕೇರಿ, ಮೂರೂ ತಾಲೂಕು ಸುತ್ತಿದ್ದೇನೆ. ಮೀನುಮರಿ ಹಂಚುವುದು, ಹೊಂಡ ತೋಡಿಸಲು ಸರಕಾರದ ಸಹಾಯಧನಕ್ಕೆ ಅರ್ಜಿ ಬರೆಸುವುದು, ತೋಡಿದ ಹೊಂಡ ಅಳೆದು ಫೋಟೋ ತೆಗೆಯುವುದು, ರೈತರಿಗೆ ತಿಳಿಸಿ ಹೇಳುವುದು. ಹುಟ್ಟಿದ್ದು ನಿಡಸೋಸಿ ಕಡೆಯ ಲಿಂಗಾಯತರ ಮನೆಯಲ್ಲಿ. ನೌಕರಿಯ ಆದೇಶ ಬಂದ ದಿನ ನಮ್ಮವ್ವ ಅತ್ತಳು, ಖುಷಿಗಲ್ಲ. "ಜಗತ್ತಿನ್ಯಾಗ ಬ್ಯಾರೆ ಇಲಾಖೆ ಇದ್ದಿದ್ದಿಲ್ಲೇನ ನಿನಗ?" ಎಂದಳು. ನನ್ನ ಚೀಲಕ್ಕೆ ಹಿತ್ತಲ ಗೋಡೆಯಲ್ಲಿ ಬೇರೆ ಗೂಟ, ನನಗೆ ಹಿತ್ತಲಲ್ಲೇ ಸ್ನಾನ, ಆಮೇಲೆ ಒಳಗೆ ಪ್ರವೇಶ. ಮೊದಲ ಪಗಾರದಲ್ಲಿ ಇಳಕಲ್ ಸೀರೆ ತಂದುಕೊಟ್ಟ ಮೇಲೆ ಚೀಲ ಒಂದು ಗೋಡೆಯಷ್ಟು ಒಳಗೆ ಬಂತು.

ನನ್ನ ಬಾಯಿ ಜೋರು. ಬಾಯಿದ್ದವ ಬರಗಾಲದಲ್ಲೂ ಬದುಕಿದ ಅನ್ನುತ್ತಾರಲ್ಲ, ನಾನು ಇಲಾಖೆಯಲ್ಲಿ ಬದುಕಿದ್ದು ಹಾಗೇ. ನಾಗನೂರಿನಲ್ಲಿ ಒಬ್ಬರು ಹೊಂಡಕ್ಕೆ ಮರಿ ಬಿಟ್ಟವರು ಮೂರು ತಿಂಗಳು ಅತ್ತ ತಲೆ ಹಾಕಿರಲಿಲ್ಲ. ಇಡೀ ಓಣಿಗೆ ಕೇಳುವಂತೆ ಬೈದಿದ್ದೆ: "ಮೀನಂದ್ರ ಕಬ್ಬಂತ ತಿಳದೀರೇನ, ಹಚ್ಚಿ ಮನಿಗೆ ಹೋಗಾಕ?" ನನ್ನ ಸ್ಕೂಟಿ ಊರು ಹೊಕ್ಕರೆ "ಮೇಡಮ್ಮಾರ ಬಂದ್ರು, ಹೊಂಡದ ಕಡೆ ನಡೀರೋ" ಅನ್ನುತ್ತಾರೆ. ಇಂಥ ಬಾಯಿಯವಳು ಒಬ್ಬ ಮುದುಕಿಯ ಮುಂದೆ ಎರಡು ಮಾತು ಹೇಳಬೇಕಾದಾಗ ಹೇಳಲಿಲ್ಲ. ಅದನ್ನೇ ಬರೆಯಲು ಕೂತಿದ್ದೇನೆ.

ಸ್ಕೂಟಿ ಕೊಳ್ಳುವುದಕ್ಕಿಂತ ಮುಂಚಿನ ಮಾತು. ಮೇಲವಂಕಿ ಹತ್ತಿರ ಒಂದು ಹೊಲ, ಹೊಲದಲ್ಲೇ ಮನೆ. ಕಾಲುವೆ ಬಂದ ಮೇಲೆ ಕಬ್ಬಿಗೆ ಮಿತಿ ಇಲ್ಲದೆ ನೀರು ಹಾಯಿಸಿ ಹಾಯಿಸಿ ಅಲ್ಲಿಯ ತಗ್ಗಿನ ಜಮೀನೆಲ್ಲ ಸವಳಾಗಿತ್ತು. ನೆಲದ ಮೇಲೆ ಉಪ್ಪು ಬೆಳ್ಳಗೆ ಕೂತಿರುತ್ತದೆ, ಹುಲ್ಲು ಕೂಡ ಏಳುವುದಿಲ್ಲ. ಇಂಥ ನೆಲದಲ್ಲಿ ಹೊಂಡ ತೋಡಿ ಮೀನು ಸಾಕುವವರಿಗೆ ಸರಕಾರ ಸಹಾಯ ಕೊಡುತ್ತಿತ್ತು. ಅದೇ ಹೊತ್ತಿಗೆ ಒಂದು ಸಂಶೋಧನಾ ಕೇಂದ್ರದ ವಿಜ್ಞಾನಿಯೊಬ್ಬರು ಸವಳು ಹೊಂಡದಲ್ಲಿ ಯಾವ ಮೀನು ಎಷ್ಟು ಬೆಳೆಯುತ್ತದೆ ಎಂದು ನೋಡಲು ರೈತರ ಹೊಂಡ ಹುಡುಕುತ್ತಿದ್ದರು. ಆ ಹೊಲದ ಒಡೆಯ ನಡುವಯಸ್ಸಿನ ಮನುಷ್ಯ, ತಾನಾಗಿ ಒಪ್ಪಿದ. ಒಪ್ಪದವಳು ಅವನ ತಾಯಿ. ನಾನು ಆಕೆಯನ್ನು ಆಯಿ ಎನ್ನುತ್ತಿದ್ದೆ, ನಮ್ಮ ಕಡೆ ಅಜ್ಜಿಯನ್ನು ಹಾಗೆ ಕರೆಯುವುದುಂಟು.

"ನಮ್ಮ ಮನಿತನದಾಗ ಇರವಿ ತುಳದ್ರ ಪಾಪ ಅಂತೇವಿ," ಎಂದಳು ಆಯಿ. "ಜೀವಾ ಸಾಕಿ ಕೊಲ್ಲೂ ಒಕ್ಕಲತನ ನಮಗ್ಯಾಕ?"

"ಯವ್ವಾ, ಸವಳ ಹೊಲದಾಗ ಮತ್ತೇನ ಬೆಳೀಲಿ? ಉಪ್ಪ ಬೆಳೀಲೇನ?" ಎಂದ ಮಗ.

ಆಯಿ ಜಗ್ಗಲಿಲ್ಲ. ನಾನು ಸೆರಗು ಸರಿಸಿ ಕೊರಳಲ್ಲಿದ್ದ ಲಿಂಗದ ದಾರ ತೋರಿಸಿದೆ. "ಆಯಿ, ನಾನೂ ನಿಮ್ಮಂಥಾ ಮನಿಯಾಕೀನ ಅದೇನ್ರಿ. ಮೀನಾ ಹಿಡಿಯೂ ದಿನಾ ವ್ಯಾಪಾರಸ್ಥರು ನೀರ ತುಂಬಿದ ಗಾಡಿ ತಂದು ಜೀವಂತ ಒಯ್ತಾರ. ನಿಮ್ಮ ಕಣ್ಣಮುಂದ ಒಂದೂ ಸಾಯೂದಿಲ್ಲ. ಇದು ನನ್ನ ಮಾತು."

ನಾನು ತಂದಿದ್ದ ಯೋಜನೆಯ ಕಾಗದಗಳ ಕಡೆ ಆಕೆ ನೋಡಲಿಲ್ಲ. ಲಿಂಗದ ದಾರವನ್ನೇ ನೋಡಿದಳು. "ಲಿಂಗಾ ಕಟಗೊಂಡಾಕಿ ಮಾತ ಕೊಟ್ಟೀ ಅಂದ್ರ ಆತು ಬಿಡವಾ," ಎಂದಳು. ಒಳಗೆ ಹೋಗಿ ನನಗೆ ಶೇಂಗಾ ಉಂಡಿ ತಂದು ಕೊಟ್ಟಳು.

ಮಳೆ ಹಿಡಿದ ಮೇಲೆ ಮರಿ ತಂದೆವು. ಕಾಟ್ಲಾ, ರೋಹು, ಗೆಂಡೆ. ಪ್ಲಾಸ್ಟಿಕ್ ಚೀಲದಲ್ಲಿ ಅರ್ಧಕ್ಕೂ ಕಡಿಮೆ ನೀರು, ಉಳಿದದ್ದೆಲ್ಲ ಆಮ್ಲಜನಕ ತುಂಬಿ ಬಿಗಿದಿರುತ್ತಾರೆ. ಬಂದ ಕೂಡಲೇ ಸುರುವುವಂತಿಲ್ಲ. ಚೀಲವನ್ನು ಹೊಂಡದ ಮೇಲೆ ಸ್ವಲ್ಪ ಹೊತ್ತು ತೇಲಲು ಬಿಟ್ಟು, ಒಳಗಿನ ನೀರು ಹೊರಗಿನ ನೀರು ಒಂದೇ ಹದಕ್ಕೆ ಬಂದ ಮೇಲೆ ಬಾಯಿ ಬಿಚ್ಚಬೇಕು. ನಾನು ದಂಡೆಯ ಕೆಸರಿಗೆ ಹಿಂದೆ ಮುಂದೆ ನೋಡುತ್ತಿದ್ದರೆ ಆಯಿ ನಕ್ಕಳು, "ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನ, ಇಳಿ ಇಳಿ." ಇಳಿದೆ. ಆಯಿ ಚೀಲ ಮುಟ್ಟಿ ನೋಡಿ ಕೇಳಿದಳು, "ಇಷ್ಟ್ಯಾಕ ಉಬ್ಬೇತವಾ ಇದು?"

"ಗಾಳಿ ತುಂಬ್ಯಾರ್ರಿ ಆಯಿ."

"ಅಯ್ಯ ಶಿವನ! ನೀರಾಗ ಇರೂವಕ್ಕ ಗಾಳಿ ಯಾಕ ಬೇಕ?"

"ಬೇಕಾಕೈತ್ರಿ," ಎಂದಷ್ಟೇ ಹೇಳಿ ಮುಂದಿನ ಚೀಲಕ್ಕೆ ಕೈ ಹಾಕಿದೆ. ಇನ್ನೂ ಎರಡು ಊರಿಗೆ ಮರಿ ಮುಟ್ಟಿಸುವುದಿತ್ತು. ಅಂದು ಅಲ್ಲೇ ಕೂತು ಒಂದು ಸಲ ಬಿಡಿಸಿ ಹೇಳಿದ್ದರೆ ಇದನ್ನೆಲ್ಲ ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ಪ್ರಯೋಗಕ್ಕೆ ಒಂದು ರಜಿಸ್ಟರ್ ಕೊಟ್ಟಿದ್ದರು. ವಾರಕ್ಕೊಮ್ಮೆ, ಸೂರ್ಯ ಹುಟ್ಟುವ ಮುಂಚೆ, ನೀರಿನಲ್ಲಿ ಆಮ್ಲಜನಕ ಎಷ್ಟಿದೆ ನೋಡಿ ಬರೆಯಬೇಕು. ಹಗಲು ಬಿಸಿಲಿಗೆ ನೀರಿನ ಹಸಿರು ಪಾಚಿ ಆಮ್ಲಜನಕ ಬಿಡುತ್ತದೆ. ರಾತ್ರಿ ಆ ಪಾಚಿಯೂ ಮೀನಿನ ಜೊತೆ ಅದನ್ನೇ ಉಸಿರಾಡುತ್ತದೆ. ಬೆಳಕು ಹರಿಯುವ ಹೊತ್ತಿಗೆ ನೀರಿನಲ್ಲಿ ಉಳಿದದ್ದು ಎಷ್ಟೋ ಅದೇ ಹೊಂಡದ ನಿಜವಾದ ತಾಕತ್ತು. ಇದೆಲ್ಲ ನನಗೆ ಬಾಯಿಪಾಠ. ಆದರೆ ಮನೆಯಲ್ಲಿ ಡಬ್ಬಿ ಕಟ್ಟಿ, ಅತ್ತೆಗೆ ಗುಳಿಗೆ ಕೊಟ್ಟು, ಬಸ್ಸು ಹಿಡಿದು, ಆ ಹೊಲ ಮುಟ್ಟುವುದರೊಳಗೆ ಹನ್ನೊಂದು. ಹನ್ನೊಂದರ ಬಿಸಿಲಲ್ಲಿ, ಪರೀಕ್ಷೆಯ ಔಷಧಿ ಹನಿಸಿದ ಸೀಸೆಯೊಳಗಿನ ನೀರು ಆಮ್ಲಜನಕ ಬೇಕಾದಷ್ಟಿದೆ ಎನ್ನುವ ಚಂದದ ಬಣ್ಣ ತೋರಿಸುತ್ತಿತ್ತು. ನಾನು ಆ ಅಂಕಿ ಬರೆದು, ಅದರ ಮುಂದೆ 'ಮುಂಜಾನೆ ಆರು' ಎಂದು ಹಾಕುತ್ತಿದ್ದೆ.

"ಬೆಳಿಗ್ಗೆಯ ರೀಡಿಂಗ್ ಬೆಳಿಗ್ಗೆಯೇ ತೆಗೆದದ್ದು ತಾನೇ?" ಎಂದು ವಿಜ್ಞಾನಿಗಳು ಫೋನಿನಲ್ಲಿ ಕೇಳಿದ್ದರು.

"ಹೌದ್ರಿ ಸರ್, ಆರಕ್ಕ."

ಯಾರಿಗೇನು ಲುಕ್ಸಾನು ಎಂದುಕೊಂಡೆ. ಮೀನು ಬೆಳೆಯುತ್ತಿದ್ದವು, ಮಗ ಖುಷಿಯಲ್ಲಿದ್ದ. ಆಯಿಯಂತೂ ಹೊಂಡಕ್ಕೇ ಅಂಟಿಕೊಂಡಿದ್ದಳು. ಮನೆಯಲ್ಲಿ ಮಾಡುತ್ತಿದ್ದ ಲಿಂಗಪೂಜೆಯನ್ನು ದಂಡೆಗೆ ತಂದಿದ್ದಳು. ನಸುಕಿನಲ್ಲಿ ಸ್ನಾನ ಮಾಡಿ, ವಿಭೂತಿ ಹಚ್ಚಿ, ದಂಡೆಯ ಹಾಸುಗಲ್ಲಿನ ಮೇಲೆ ಕೂತು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ. ಅದು ಮುಗಿಯುವವರೆಗೆ ಬಾಯಿಗೆ ನೀರೂ ಇಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರಿತ್ತು. ಕಾಲುವೆ ನಿಂತಿತ್ತು, ಹೊಂಡದ ನೀರು ಇಳಿದಿತ್ತು, ಮೀನು ಮೊಳಕೈ ಉದ್ದ ಆಗಿದ್ದವು. ಒಂದು ದಿನ ನಾನು ಸೀಸೆ ತುಂಬುತ್ತಿದ್ದಾಗ ಆಯಿ ಬಾಜೂಕ್ಕೆ ಬಂದು ಕೂತಳು. ಆಕೆಯ ಮುಖ ಅಷ್ಟು ಬೆಳಗಿದ್ದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ.

"ಯವ್ವಾ, ನಿನಗೊಂದ ಖರೇ ಮಾತ ಹೇಳ್ತೇನಿ, ನಗಬ್ಯಾಡ. ನಾ ಪೂಜಾಕ್ಕ ಕೂತ್ನೆಂದ್ರ ಎಲ್ಲಾ ಮ್ಯಾಲ ಬರ್ತಾವ. ನನ್ನ ಕಡೆ ಮಾರಿ ಮಾಡಿ, ಬಾಯಿ ತಗದು ಮುಚ್ಚಿ, ತಗದು ಮುಚ್ಚಿ. ಶಿವಾ ಶಿವಾ ಅಂತಾವ. ಪೂಜಾ ಮುಗದು ಬಿಸಲ ಬಿತ್ತಂದ್ರ ತಾವ ತಳಕ್ಕ ಹೋಗ್ತಾವ. ಎಷ್ಟ ಪುಣ್ಯೇವ ಮಾಡಿದ ಜೀವಾನೋ."

ನನ್ನ ಕೈಯೊಳಗಿನ ಸೀಸೆ ಅಲ್ಲೇ ನಿಂತಿತು. ಹೊಂಡದಲ್ಲಿ ಉಸಿರಿಗೆ ಕೊರತೆ ಬಿದ್ದಾಗ ಮೀನು ನಸುಕಿನಲ್ಲಿ ಮೇಲೆ ಬಂದು ಬಾಯಿ ಬಡಿಯುತ್ತವೆ. ಬಿಸಿಲು ಬಿದ್ದರೆ ಸುಧಾರಿಸಿಕೊಂಡು ಕೆಳಗೆ ಹೋಗುತ್ತವೆ. ಪ್ರತಿ ತರಬೇತಿಯಲ್ಲಿ ನಾನೇ ಹೇಳುವ ಮಾತು. ಆಯಿ ಹುಟ್ಟಿದಾಗಿನಿಂದ ಮೀನು ಕಂಡವಳಲ್ಲ. ಬಾಯಿ ತೆರೆದು ಎದುರಿಗೆ ಬಂದ ಜೀವವನ್ನು ಆಕೆ ತನಗೆ ತಿಳಿದ ಹಾಗೆ ತಿಳಿದುಕೊಂಡಿದ್ದಳು.

"ಮತ್ತ ನಾ ಬರೇ ಕೈಲೆ ಹೆಂಗ ಕೂಡ್ರಲಿ?" ಎಂದು ಮುಂದುವರಿಸಿದಳು. "ಬಾಯಿ ತಗದು ಬಂದವರಿಗೆ ಇಲ್ಲ ಅನಬಾರದು. ದಾಸೋಹ ಅಂದ್ರ ಬರೇ ಮನಶ್ಯಾರಿಗೇನ? ರೊಟ್ಟಿ ಚೂರ ಮಾಡಿ ಹಾಕ್ತೇನಿ, ತೌಡ ಹಾಕ್ತೇನಿ, ಮುಂಜಾನಿ ಒಂದ ಬುಟ್ಟಿ, ಸಂಜೀಕ ಒಂದ ಬುಟ್ಟಿ."

ತಿನ್ನದೆ ಉಳಿದದ್ದು ತಳದಲ್ಲಿ ಕೊಳೆತು, ಇದ್ದ ಉಸಿರನ್ನೂ ಕುಡಿಯುತ್ತದೆ. ಅದೂ ನನಗೆ ಗೊತ್ತಿತ್ತು. ಮಾಡಬೇಕಾದದ್ದು ಎರಡೇ ಕೆಲಸ: ತಿನಿಸು ನಿಲ್ಲಿಸುವುದು, ನಸುಕಿನಲ್ಲಿ ಬಾವಿಯ ಮೋಟರು ಚಾಲೂ ಮಾಡಿ ಹೊಸ ನೀರು ಮೇಲಿನಿಂದ ಧುಮುಕಿ ಗಾಳಿ ಬೆರೆಯುವಂತೆ ಬಿಡುವುದು. ಬಾವಿ ಹತ್ತೇ ಹೆಜ್ಜೆ ದೂರ ಇತ್ತು.

ಯಾಕೆ ಹೇಳಲಿಲ್ಲ? ಇಷ್ಟು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಆ ಮುಖದ ಬೆಳಕು ಆರಿಸಲು ಮನಸ್ಸು ಬರಲಿಲ್ಲ, ಅದು ಖರೆ. ಆದರೆ ಅದೊಂದೇ ಅಲ್ಲ. ಹೊಂಡದಲ್ಲಿ ಉಸಿರಿಲ್ಲ ಎಂದರೆ, ರಜಿಸ್ಟರಿನಲ್ಲಿ ಆರು ಗಂಟೆಗೆ ಇಷ್ಟೊಂದು ಹೇಗೆ ಬಂತು ಎಂದು ಯಾರಾದರೂ ಕೇಳುತ್ತಿದ್ದರು. ಆ ಹೆದರಿಕೆಯೇ ದೊಡ್ಡದಾಗಿತ್ತು. ಅದಕ್ಕೇ ನಕ್ಕೆ. ನಕ್ಕು ಹೇಳಿದೆ, "ನಿಮ್ಮ ಪೂಜಾ ನೋಡಾಕ ಬರ್ತಾವ ಬಿಡ್ರಿ ಆಯಿ. ತಿನಿಸ ಮಾತ್ರ ಒಂದೀಟ ಕಮ್ಮಿ ಹಾಕ್ರಿ."

"ಕಮ್ಮಿ ಯಾಕ ಹಾಕ್ಲಿ, ನನಗ ಕೊಟ್ಟಾನ ದೇವರು," ಎಂದಳು ಆಯಿ.

ಮುಂದಿನ ವಾರ ಆರಕ್ಕೇ ಬಂದು ಖರೆ ಅಂಕಿ ತೆಗೆದು, ಮಗನಿಗೆ ಬಾಜೂಕ್ಕೆ ಕರೆದು ಹೇಳುತ್ತೇನೆ ಎಂದು ಬಸ್ಸಿನಲ್ಲಿ ಆಣೆ ಮಾಡಿಕೊಂಡೆ. ಮುಂದಿನ ವಾರ ಹುಕ್ಕೇರಿಯಲ್ಲಿ ಮೀಟಿಂಗು. ಅದರ ಮುಂದಿನ ವಾರ ಅತ್ತೆಗೆ ಜ್ವರ. ಆಮೇಲೆ ಹೋದಾಗ ಮತ್ತೆ ಹನ್ನೊಂದು, ನೀರು ಚಂದದ ಬಣ್ಣ, ಮೀನು ತಳದಲ್ಲಿ, ಆಯಿ ನಗುತ್ತ ಮಜ್ಜಿಗೆ ತಂದಳು. ಇನ್ನೇನು, ಹಿಡಿಯುವ ದಿನ ಬಂತು, ಪಾರಾದೆ ಎಂದುಕೊಂಡೆ. ವ್ಯಾಪಾರಸ್ಥರಿಗೂ ಹೇಳಿಟ್ಟಿದ್ದೆವು.

ಬಸವ ಜಯಂತಿಯ ಹೊತ್ತಿಗೆ ಅವಕಾಳಿ, ಹೊತ್ತಲ್ಲದ ಹೊತ್ತಿನ ಮೋಡ ಕವಿಯಿತು. ಮೂರು ದಿನ ಸೂರ್ಯನ ಮುಖ ಇಲ್ಲ. ಜಯಂತಿಯ ದಿನ ಊರಲ್ಲಿ ಗೋದಿ ಹುಗ್ಗಿಯ ದಾಸೋಹ. ಉಳಿದದ್ದನ್ನು ಆಯಿ ಕೊಪ್ಪರಿಗೆಯಲ್ಲಿ ತರಿಸಿ, ಬೆಲ್ಲ ತುಪ್ಪ ಹಾಕಿದ್ದ ಆ ಹುಗ್ಗಿಯನ್ನೆಲ್ಲ ಸಂಜೆ ಹೊಂಡಕ್ಕೆ ಹಾಕಿಸಿದಳಂತೆ. ಮರುದಿನ ಮುಂಜಾನೆ ಮಗನ ಫೋನು ಬಂತು. "ಮೇಡಮ್ಮಾರ, ಲಗೂನ ಬರ್ರಿ," ಎಂದವನೇ ಇಟ್ಟುಬಿಟ್ಟ.

ಹೊಂಡ ಬೆಳ್ಳಗಿತ್ತು. ತೋಡುವ ಮುಂಚೆ ಉಪ್ಪು ಕೂತು ಬೆಳ್ಳಗಿದ್ದ ನೆಲ ಮತ್ತೆ ಬಂದ ಹಾಗಿತ್ತು. ದೊಡ್ಡವು, ಚಿಕ್ಕವು, ಎಲ್ಲ ಹೊಟ್ಟೆ ಮೇಲು ಮಾಡಿ. ಮೂಲೆಯಲ್ಲಿ ಒಂದೆರಡು ಇನ್ನೂ ಬಾಯಿ ಆಡಿಸುತ್ತಿದ್ದವು. ಚಪ್. ಸ್ವಲ್ಪ ತಡೆದು, ಚಪ್. ಆಯಿ ಹಾಸುಗಲ್ಲಿನ ಮೇಲೆ ಕೂತಿದ್ದಳು. ಲಿಂಗ ಅಂಗೈಯಲ್ಲಿತ್ತು, ಪೂಜೆ ಆಗಿರಲಿಲ್ಲ.

"ಕಣ್ಣಮುಂದನ ಸತ್ತುವಲ್ಲವಾ," ಎಂದಳು. ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. "ನಸಕಿನ್ಯಾಗ ಎಲ್ಲಾ ನನ್ನ ಕಡೆ ಬಂದುವು. ಯಾವತ್ತಿಗಿಂತ ಜೋರ ಬಾಯಿ ಬಡದುವು. ನಾ ಕಣ್ಣ ಮುಚ್ಚಿ ಪೂಜಾಕ್ಕ ಕೂತ್ನಿ. ಕಣ್ಣ ತಗದ್ರ ಹಿಂಗ. ಏನಾತವಾ?"

ಅದೇ ಹೊತ್ತು. ಹೇಳಬೇಕಾದ ಹೊತ್ತು ಅದು.

"ರೋಗ ಬಂತ್ರಿ ಆಯಿ," ಎಂದೆ. "ಹವಾ ಬದಲಾತ ನೋಡ್ರಿ, ಹಂಗಾಗಿ."

ಸಂಜೆಗೆ ವಿಜ್ಞಾನಿಗಳು ಬಂದರು. ರಜಿಸ್ಟರ್ ತಿರುವಿ ಹಾಕಿದರು. ಆಮ್ಲಜನಕದ ಕೊರತೆ ಎಂದು ಅನ್ನಿಸುತ್ತದೆ, ಆದರೆ ಮುಂಜಾನೆಯ ಅಂಕಿ ಎಲ್ಲಾ ಉತ್ತಮವಾಗಿವೆಯಲ್ಲ ಎಂದು ತಲೆ ಕೆರೆದುಕೊಂಡರು. ನಾನು ಮಗ್ಗುಲಲ್ಲೇ ನಿಂತಿದ್ದೆ. ವರದಿಯಲ್ಲಿ 'ಸಾವಿನ ಕಾರಣ ಸ್ಪಷ್ಟವಾಗಿಲ್ಲ' ಎಂದು ಬರೆದರು. ಗುಂಡಿ ತೆಗೆಸಿ ಸುಣ್ಣ ಹಾಕಿ ಮೀನು ಹುಗಿಸಿದೆವು. ನನ್ನ ಅಂಕಿಗಳು ಆ ಪ್ರಯೋಗದ ಪುಸ್ತಿಕೆಯಲ್ಲಿ ಅಚ್ಚಾಗಿ ನಮ್ಮ ಆಫೀಸಿನ ಕಪಾಟಿನಲ್ಲಿ ಕೂತವು. ಹೊಸದಾಗಿ ಬಂದವರು ಅದನ್ನು ಓದಿ ರೈತರಿಗೆ ಹೇಳುವುದನ್ನು ಕೇಳಿದಾಗೆಲ್ಲ ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ನನ್ನ ಸುಳ್ಳು ಅಷ್ಟಕ್ಕೇ ನಿಂತಿದ್ದರೆ ಹೇಗೋ ನುಂಗುತ್ತಿದ್ದೆ. ಒಂದು ವರ್ಷದ ಮೇಲೆ ಗೋಕಾಕದ ಸಂತೆಯಲ್ಲಿ ಮಗ ಸಿಕ್ಕ. ಹೊಂಡ ಹಾಗೇ ಬಿದ್ದಿದೆ, ನೀರಿಲ್ಲ ಎಂದ. ಆಯಿ ಹೇಗಿದ್ದಾಳೆ ಎಂದು ಕೇಳಿದೆ.

"ಒಂದ ಹೊತ್ತ ಊಟಾ ಮಾಡ್ತಾಳ್ರಿ. ಎಷ್ಟ ಹೇಳಿದ್ರೂ ಕೇಳವಲ್ಲಳು. ನನ್ನ ಪೂಜಾದಾಗ ಏನೋ ಕಮ್ಮಿ ಬಿತ್ತು, ಶಿವಾ ಅನ್ನೂ ಜೀವಾ ಅದಕ್ಕ ಹೋದುವು ಅಂತಾಳ."

ಅಯ್ಯೋ ನನ್ನ ಬಾಯಿಗೆ ಮಣ್ಣು ಹಾಕ. ರೋಗ ಎಂದು ನಾನು ಹೇಳಿದ್ದನ್ನು ಆಕೆ ನಂಬಿರಲೇ ಇಲ್ಲ. ಆ ತಪ್ಪನ್ನು ತಾನೇ ಹೊತ್ತುಕೊಂಡು ಕೂತಿದ್ದಳು. ಹೋಗಿ ಹೇಳಲೇ ಎಂದರೆ, ಏನೆಂದು ಹೇಳಲಿ? ನಿಮ್ಮ ಪೂಜೆಯಲ್ಲಿ ಕಮ್ಮಿ ಇರಲಿಲ್ಲ ಆಯಿ, ನೀವು ಹಾಕಿದ ದಾಸೋಹವೇ ಅವನ್ನು ಕೊಂದಿತು ಎಂದೇ? ಹೇಳಿದರೆ ಒಂದು ಗಾಯ, ಹೇಳದಿದ್ದರೆ ಇನ್ನೊಂದು. ನಾನು ನನಗೆ ಅನುಕೂಲವಾದದ್ದನ್ನು ಆರಿಸಿಕೊಂಡೆ. ಮೇಲವಂಕಿ ಹಾದಿಯಲ್ಲಿ ಬಸ್ಸು ಹೋಗುವಾಗ ಮುಖ ಆಚೆ ತಿರುಗಿಸಿ ಕೂರುತ್ತಿದ್ದೆ. ಪಗಾರ ಕೂಡಿಸಿ ಸ್ಕೂಟಿ ಕೊಂಡದ್ದು ಆ ವರ್ಷವೇ. ಮೂಡಲಗಿಯಾಗಲಿ, ಹುಕ್ಕೇರಿಯಾಗಲಿ, ಯಾವ ಹೊಂಡವಾಗಲಿ, ನೀರು ನೋಡುವ ದಿನ ಇಂದಿಗೂ ಕತ್ತಲಲ್ಲೇ ಹೊರಟು ಆರರೊಳಗೆ ನೀರು ತೆಗೆಯುತ್ತೇನೆ. "ಮೇಡಮ್ಮಾರಿಗೆ ಮನ್ಯಾಗ ನಿದ್ದಿ ಬರೂದಿಲ್ಲೇನ್ರಿ?" ಎಂದು ರೈತರು ನಗುತ್ತಾರೆ. ನಿದ್ದೆ ಬರುವುದಿಲ್ಲ, ಖರೇನೇ.

ಹೋದ ತಿಂಗಳು ಆಯಿಯ ಮಗನ ಫೋನು ಬಂತು. ಆ ಹೆಸರು ಪರದೆಯ ಮೇಲೆ ಕಂಡದ್ದು ಇಷ್ಟು ವರ್ಷದ ಮೇಲೆ. "ಯವ್ವಗ ದಮ್ಮ ಭಾಳ ಆಗೇತ್ರಿ. ನಿಮ್ಮನ್ನ ಕರಿ ಅನ್ನಾಕತ್ತಾಳ."

ಮುಂಜಾನೆಯೇ ಹೋದೆ. ಆಯಿ ಕಿಟಕಿಯ ಹತ್ತಿರ ದಿಂಬಿಗೆ ಆನಿಕೊಂಡು ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತದೆಯಂತೆ. ನಸುಕಿನಲ್ಲೇ ಜಾಸ್ತಿಯಂತೆ. ಗಂಟಲ ನರ ಎದ್ದು ನಿಂತಿದ್ದವು. ಮುಖವನ್ನು ಕಿಟಕಿಗೆ ಎತ್ತಿ ಹಿಡಿದು, ಬಾಯಿ ತೆರೆದು ಮುಚ್ಚುತ್ತಿದ್ದಳು, ತೆರೆದು ಮುಚ್ಚುತ್ತಿದ್ದಳು. ಒಣಗಿದ ತುಟಿ ಕೂಡಿದಾಗೆಲ್ಲ ಒಂದು ಸಪ್ಪಳ. ನಾನು ಹೊಸ್ತಿಲಲ್ಲೇ ಬಾಗಿಲು ಹಿಡಿದು ನಿಂತುಬಿಟ್ಟೆ. ಓಡಿಹೋಗಬೇಕು ಅನ್ನಿಸಿತು.

ಆಯಿ ಕೈ ಮಾಡಿ ಕರೆದಳು. ಬಾಜೂಕ್ಕೆ ಕೂತೆ. ನನ್ನ ಮುಂಗೈ ಹಿಡಿದುಕೊಂಡಳು. ಒಂದೊಂದೇ ಮಾತು, ನಡುವೆ ಉಸಿರು.

"ಅವು ಶಿವಾ ಅಂತಿದ್ದಿಲ್ಲವಾ... ಉಸರ ಬೇಡತಿದ್ದುವು... ನನಗೀಗ ತಿಳೀತು."

ನಾನು ಇನ್ನೊಂದು ಕೈಯಿಂದ ಆಕೆಯ ಬೆನ್ನಿನ ದಿಂಬು ಸರಿಮಾಡಿದೆ.

"ನಿನಗ ಗೊತ್ತಿತ್ತೇನವಾ?"

ಲಿಂಗದ ದಾರ ಕೊರಳಲ್ಲಿ ಇತ್ತು. ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದು ನಿಂತಿತು, ಅದನ್ನು ಹೇಗೋ ಹಿಂದಕ್ಕೆ ದಬ್ಬಿದೆ.

"ಗೊತ್ತಿತ್ರಿ ಆಯಿ. ನೀವು ಹೇಳಿದ ದಿನಾನ ಗೊತ್ತಾಗಿತ್ತು. ನಿಮ್ಮ ಪೂಜಾದಾಗ ಏನೂ ಕಮ್ಮಿ ಇದ್ದಿದ್ದಿಲ್ರಿ. ಕಮ್ಮಿ ಇದ್ದದ್ದು ನಾನು."

ಅತ್ತೆ. ಆಕೆಯ ಮುಂದೆ ಅಳುವ ಹಕ್ಕು ನನಗಿರಲಿಲ್ಲ, ಆದರೂ ಅತ್ತೆ. ಆಯಿ ಕಿಟಕಿಯ ಆಚೆ ನೋಡುತ್ತಿದ್ದಳು. ಅಲ್ಲಿಂದ ಬಾವಿ ಕಾಣುತ್ತಿತ್ತು, ಅದರ ಮಗ್ಗುಲಿಗೆ ಮೋಟರಿನ ಸಣ್ಣ ಖೋಲಿ. ಮರುದಿನವೇ ನಾನು ಪುಸ್ತಿಕೆಯ ಅಂಕಿಗಳೆಲ್ಲ ಸುಳ್ಳು ಎಂದು ವಿಜ್ಞಾನಿಗಳಿಗೆ ಬರೆದುಕೊಟ್ಟೆ. ಅವರು ಏನು ಮಾಡುತ್ತಾರೋ ಮಾಡಲಿ. ನನ್ನನ್ನು ಕಾಡುವುದು ಅದಲ್ಲ. ಅಂದು ಆಯಿ ಬಾವಿಯಿಂದ ಕಣ್ಣು ಕಿತ್ತು ಈ ಕಡೆ ತಿರುಗಿದಳು. ಸಿಟ್ಟು ಎಳ್ಳಷ್ಟೂ ಇರಲಿಲ್ಲ ಆ ಮುಖದಲ್ಲಿ.

"ಒಂದ ಮಾತ ಹೇಳಿದ್ರ... ಎದ್ದು ಮೋಟರ ಚಾಲೂ... ಮಾಡಸ್ತಿದ್ನೆಲ್ಲವಾ."

ಅಷ್ಟು ಹೇಳಲು ಆಕೆ ಮೂರು ಸಲ ಬಾಯಿ ತೆರೆಯಬೇಕಾಯಿತು.